ಲಾರ್ಡ್ ತಳಿ, ಬೇಕನ್ ತಳಿ: ಹಂದಿಯ ನೆಣದ ಲೆಕ್ಕ

ಹಂದಿಯ ಕೊಬ್ಬನ್ನು ಸಣ್ಣಗೆ ಹೆಚ್ಚಿ, ಸಣ್ಣ ಉರಿಯಲ್ಲಿ ಕರಗಿಸಿ, ಸೋಸಿ ಆರಲು ಬಿಟ್ಟರೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಅದೇ ಲಾರ್ಡ್. ಕನ್ನಡದಲ್ಲಿ ಕೊಬ್ಬು ಎಂದರೆ ಸೊಕ್ಕೂ ಹೌದಾದ್ದರಿಂದ ಇದನ್ನು ನೆಣ ಎನ್ನುವುದೇ ಮೇಲು. ನಮ್ಮಲ್ಲಿ ತುಪ್ಪಕ್ಕಿರುವ ಜಾಗ ಯುರೋಪಿನ ಬಹಳಷ್ಟು ಅಡುಗೆಮನೆಗಳಲ್ಲಿ ಇದಕ್ಕಿತ್ತು. ಸೋಪಿಗೂ ಮೇಣದಬತ್ತಿಗೂ ಇದು ಬೇಕಾಗುತ್ತಿತ್ತು. ಹಾಗಾಗಿ ನೆಣಕ್ಕೆಂದೇ ಬೆಳೆಸಿದವು ಲಾರ್ಡ್ ತಳಿಗಳಾದವು. ಉಪ್ಪು ಹಚ್ಚಿಡುವ ಉದ್ದನೆಯ ಪಕ್ಕೆಮಾಂಸಕ್ಕೆ ಬೆಳೆಸಿದವು ಬೇಕನ್ ತಳಿಗಳು.

ಹಂಗೆರಿಯ ಮಂಗಲಿತ್ಸ ಲಾರ್ಡ್ ತಳಿಗೆ ಒಳ್ಳೆಯ ಉದಾಹರಣೆ. ಮೈತುಂಬ ಕುರಿಯಂಥ ಗುಂಗುರು ಕೂದಲು. ಕಡಿದಾಗ ಸಿಗುವುದರಲ್ಲಿ ಸುಮಾರು ಮೂರನೇ ಎರಡು ಪಾಲು ನೆಣವೇ. ಡೆನ್ಮಾರ್ಕಿನ ಲ್ಯಾಂಡ್‌ರೇಸ್ ಇದಕ್ಕೆ ತದ್ವಿರುದ್ಧ. ಬ್ರಿಟಿಷರ ಬೆಳಗಿನ ತಿಂಡಿಯ ಬೇಕನ್ ತಟ್ಟೆಯನ್ನು ಕಣ್ಣ ಮುಂದಿಟ್ಟುಕೊಂಡೇ ತಿದ್ದಿ ತೀಡಿದ, ಉದ್ದ ಬೆನ್ನಿನ ತೆಳು ಹಂದಿ ಅದು. ಇಪ್ಪತ್ತನೇ ಶತಮಾನದಲ್ಲಿ ಸಸ್ಯಜನ್ಯ ಎಣ್ಣೆ ಅಗ್ಗವಾದ ಮೇಲೆ ಲಾರ್ಡ್ ಕೇಳುವವರಿಲ್ಲದಾಯಿತು, ಮಂಗಲಿತ್ಸ ಅಳಿವಿನ ಅಂಚಿಗೆ ಬಂತು. ಈಗ ಒಣಗಿಸಿದ ತೊಡೆಮಾಂಸದ ರುಚಿಗಾಗಿ ಅದನ್ನು ಮತ್ತೆ ಸಾಕುತ್ತಿದ್ದಾರೆ.

ನೆಣ ಎಷ್ಟಿದೆ ಎನ್ನುವುದರ ಜೊತೆಗೆ ಎಲ್ಲಿದೆ ಎಂದೂ ನೋಡಬೇಕು. ಬೆನ್ನಿನ ತೊಗಲಿನಡಿ ಒಂದು ಪದರ, ಮೂತ್ರಪಿಂಡದ ಸುತ್ತ ಗಟ್ಟಿಯಾದ ಇನ್ನೊಂದು ಗಡ್ಡೆ, ಸ್ನಾಯುವಿನ ಎಳೆಗಳ ನಡುವೆ ನವಿರಾದ ಬಿಳಿ ಗೆರೆಗಳು. ಡ್ಯೂರಾಕ್ ತಳಿಯಲ್ಲಿ ಈ ಬಿಳಿ ಗೆರೆಗಳು ಹೆಚ್ಚು, ಮಾಂಸ ಮೆದು. ಬೆಲ್ಜಿಯಂನ ಪಿಯೆತ್ರೆನ್‌ನಲ್ಲಿ ನೆಣ ತೀರಾ ಕಡಿಮೆ. ಆದರೆ ಆ ತಳಿಯಲ್ಲಿ ವ್ಯಾಪಕವಾಗಿದ್ದ ಒಂದು ಜೀನ್‌ನಿಂದಾಗಿ ಹಂದಿ ಸ್ವಲ್ಪ ಗಾಬರಿಯಾದರೂ ಕುಸಿಯುತ್ತಿತ್ತು, ಕಡಿದ ಮಾಂಸ ಬಿಳಿಚಿಕೊಂಡು ನೀರು ಬಿಡುತ್ತಿತ್ತು.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ನೆಣದ ಗುಣ. ತೆಳು ಹಂದಿಯ ನೆಣವೇ ಹೆಚ್ಚು ಮೆತ್ತಗಿರುತ್ತದೆ! ಹಂದಿ ತಾನೇ ಪಿಷ್ಟದಿಂದ ತಯಾರಿಸಿಕೊಳ್ಳುವ ನೆಣದಲ್ಲಿ ಅದನ್ನು ಗಟ್ಟಿಯಾಗಿಸುವ ಸ್ಯಾಚುರೇಟೆಡ್ ಕೊಬ್ಬಿನಾಮ್ಲಗಳೂ ಒಲೀಕ್ ಆಮ್ಲವೂ ಇರುತ್ತವೆ. ನೆಣವನ್ನು ಮೆತ್ತಗಾಗಿಸುವ ಲಿನೋಲಿಕ್ ಆಮ್ಲವನ್ನು ಹಂದಿ ತಯಾರಿಸಲಾರದು, ಮೇವಿನಿಂದಲೇ ಬರಬೇಕು. ಕೊಬ್ಬಿದ ಹಂದಿಯಲ್ಲಿ ಸ್ವಂತ ನೆಣದ ರಾಶಿಯೊಳಗೆ ಆ ಲಿನೋಲಿಕ್ ಕರಗಿಹೋಗುತ್ತದೆ. ತೆಳು ಹಂದಿಯಲ್ಲಿ ಅದರ ಪಾಲು ಏರಿ, ನೆಣ ಜಿಡ್ಡುಜಿಡ್ಡಾಗಿ, ಬೇಕನ್ ಹೋಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಮೇವಿನ ಪಾತ್ರವೂ ದೊಡ್ಡದು. ಹಸುವಿನ ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳು ಮೇವಿನ ಎಣ್ಣೆಯನ್ನು ಬಹುಮಟ್ಟಿಗೆ ಸ್ಯಾಚುರೇಟೆಡ್ ಕೊಬ್ಬಾಗಿ ಬದಲಿಸಿಬಿಡುತ್ತವೆ. ಹಂದಿಗೆ ಅಂಥ ಹೊಟ್ಟೆಯಿಲ್ಲ, ತಿಂದ ಎಣ್ಣೆ ಹೆಚ್ಚುಕಡಿಮೆ ಹಾಗೆಯೇ ಮೈಸೇರುತ್ತದೆ. ಕಡಲೆಕಾಯಿ ಮೇಯ್ದ ಹಂದಿಯ ನೆಣ ಗಟ್ಟಿಯಾಗಿ ನಿಲ್ಲುವುದಿಲ್ಲ. ಸ್ಪೇನಿನ ಐಬೇರಿಯನ್ ಹಂದಿಗಳು ಓಕ್ ಮರಗಳಡಿ ಉದುರಿದ ಕಾಯಿ ತಿಂದು ಬೆಳೆದರೆ ಅವುಗಳ ನೆಣದಲ್ಲಿ ಅರ್ಧಕ್ಕಿಂತ ಹೆಚ್ಚು ಒಲೀಕ್ ಆಮ್ಲವಿರುತ್ತದೆ. ಆಲಿವ್ ಎಣ್ಣೆಯಲ್ಲಿ ಮುಖ್ಯವಾಗಿರುವುದೂ ಅದೇ. ಕಾಗದದಷ್ಟು ತೆಳುವಾಗಿ ಕೊಯ್ದ ಹೋಳು ತಟ್ಟೆಯಲ್ಲಿ ಹಾಗೇ ಬೆವರುತ್ತದೆ.

ಕೊಡಗಿನವರಿಗೆ ಇಷ್ಟು ವಿವರ ಬೇಕಿಲ್ಲ. ಪಂದಿ ಕರಿಗೆ ತೊಗಲು, ನೆಣ, ಮಾಂಸ ಮೂರೂ ಇರುವ ತುಂಡೇ ಬೇಕು. ನೆಣ ಬಿಟ್ಟ ಜಿಡ್ಡನ್ನು ಕಾಚಂಪುಳಿಯ (ಹಣ್ಣಿನ ರಸ ಬತ್ತಿಸಿದ ಕಪ್ಪು ಹುಳಿ) ಕಡುಹುಳಿ ಕತ್ತರಿಸುತ್ತದೆ. ಬರೀ ಮಾಂಸ ಹಾಕಿದರೆ ಆ ಹುಳಿಗೆ ಎದುರು ನಿಲ್ಲುವಂಥದ್ದು ಪಾತ್ರೆಯಲ್ಲಿ ಏನೂ ಇರುವುದಿಲ್ಲ.