ಅಕ್ಕಿ ಡಬ್ಬದಲ್ಲಿ ಇಟ್ಟರೆ ಲೆನ್ಸ್‌ನ ಬೂಷ್ಟು ಹೋಗುತ್ತದಾ?

ಪ್ರಶ್ನೆ: ಅಪ್ಪನ ಕಾಲದ ಹಳೇ ಕ್ಯಾಮೆರಾ ಲೆನ್ಸ್ ಬೀರುವಿನಲ್ಲಿ ಸಿಕ್ಕಿತು. ಒಳಗಿನ ಗಾಜಿನ ಮೇಲೆ ಜೇಡರ ಬಲೆ ಥರ ಬಿಳಿ ಎಳೆಗಳಿವೆ. ಫೋಕಸ್ ರಿಂಗ್ ಕೂಡ ತುಂಬ ಬಿಗಿ. ಒಂದು ವಾರ ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಸರಿಹೋಗುತ್ತದೆ ಅಂತಾರೆ. ಹೌದಾ? ಅಥವಾ ಬಿಚ್ಚಲೇಬೇಕಾ?

ಉತ್ತರ: ಸರಿಹೋಗುವುದಿಲ್ಲ. ಬಿಚ್ಚಲೇಬೇಕು.

ನಮ್ಮ ಕೊಡಗಿನಲ್ಲಿ ಈ ಪ್ರಶ್ನೆ ಜೂನ್ ಕೊನೆಗೆ ಶುರುವಾದರೆ ಕಕ್ಕಡ ತಿಂಗಳು ಮುಗಿಯುವವರೆಗೂ, ಅಂದರೆ ಆಗಸ್ಟ್ ನಡುವಿನವರೆಗೂ, ಬರುತ್ತಲೇ ಇರುತ್ತದೆ. ಮಡಿಕೇರಿಯವರು ಕೇಳುತ್ತಾರೆ, ನಾಪೋಕ್ಲಿನವರು ಕೇಳುತ್ತಾರೆ, ಸೋಮವಾರಪೇಟೆಯವರು ಕೇಳುತ್ತಾರೆ. ಲೆನ್ಸ್ ಬೇರೆ ಬೇರೆ, ಅಕ್ಕಿ ಮಾತ್ರ ಅದೇ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಈ ಸಲ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ನಮ್ಮ ಮನೆಗಳ ಪಾಡು ನಿಮಗೆ ಗೊತ್ತೇ ಇದೆ. ಬೆಲ್ಟು, ಶೂ, ಮಡಿಸಿಟ್ಟ ಕುಪ್ಯ (ಕೊಡವರ ಉದ್ದ ಕೋಟು), ಗೋಡೆಯ ಫೋಟೋ, ಎಲ್ಲಕ್ಕೂ ಬೂಷ್ಟು. ಲೆನ್ಸ್ ಒಳಗೆ ಬರುವುದೂ ಅದೇ ಜಾತಿಯದ್ದು. ಅದು ಗಾಜನ್ನು ತಿಂದು ಬದುಕುವುದಿಲ್ಲ. ಗಾಜಿನ ಮೇಲಿರುವ ಧೂಳು, ಎಣ್ಣೆಯ ಪಸೆ, ಬೆರಳಿನ ಗುರುತು ಅದಕ್ಕೆ ಊಟ. ತಿಂದು ಬೆಳೆಯುವಾಗ ಸ್ವಲ್ಪ ಆಮ್ಲ ಬಿಡುತ್ತದೆ. ಆ ಆಮ್ಲ ಮೊದಲು ಗಾಜಿನ ಮೇಲಿನ ಕೋಟಿಂಗನ್ನು, ಆಮೇಲೆ ಗಾಜನ್ನೇ ಕೊರೆಯುತ್ತದೆ. ತಡ ಮಾಡಿದಷ್ಟೂ ನಷ್ಟ ಜಾಸ್ತಿ.

ಈಗ ಅಕ್ಕಿಯ ವಿಷಯಕ್ಕೆ ಬರೋಣ.

ಕಾಫಿ ಒಣಗಿಸುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದಾಗ ನನಗೆ ಸ್ವಲ್ಪ ಬೇಸರವೇ ಆಗುತ್ತದೆ. ಫೆಬ್ರವರಿಯಲ್ಲಿ ಕಣದಲ್ಲಿ ಗಲಗಲ ಅನ್ನುವಷ್ಟು ಒಣಗಿಸಿ ಮೂಟೆ ಕಟ್ಟಿದ ಕಾಫಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು), ಜುಲೈನಲ್ಲಿ ಹಾಗೇ ಇರುತ್ತದಾ? ಇರುವುದಿಲ್ಲ. ಗಾಳಿಯಿಂದ ತೇವ ಎಳೆದುಕೊಂಡಿರುತ್ತದೆ. ಕರಾವಳಿಯ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ (ಕಾಫಿ ಸಂಸ್ಕರಿಸುವ ಕಾರ್ಖಾನೆಗಳಲ್ಲಿ) ಬೇಕೆಂದೇ ಕಾಫಿಯನ್ನು ಮಳೆಗಾಲದ ಗಾಳಿಗೆ ಹರಡಿ, ಕಾಳು ಊದುವ ಹಾಗೆ ಮಾಡಿ, ಮಾನ್ಸೂನ್ಡ್ ಮಲಬಾರ್ ಅಂತ ಮಾರುತ್ತಾರೆ. ಅಕ್ಕಿಯೂ ಒಂದು ಕಾಳೇ ಅಲ್ವಾ? ಸುತ್ತಲಿನ ಗಾಳಿ ಎಷ್ಟು ತೇವ ಇದೆಯೋ ಅದಕ್ಕೆ ತಕ್ಕಷ್ಟು ಅದೂ ಕುಡಿದಿರುತ್ತದೆ. ಹೊಟ್ಟೆ ತುಂಬಿದ ಅಕ್ಕಿ ನಿಮ್ಮ ಲೆನ್ಸ್‌ನಿಂದ ಇನ್ನೇನು ಕುಡಿಯಬೇಕು?

ಆಯ್ತು, ಚೆನ್ನಾಗಿ ಒಣಗಿದ ಅಕ್ಕಿಯನ್ನೇ ಅಂಗಡಿಯಿಂದ ಇವತ್ತೇ ತಂದಿರಿ ಅಂತ ಇಟ್ಟುಕೊಳ್ಳೋಣ. ಒಳ್ಳೆಯ ಅಕ್ಕಿಯಲ್ಲೂ ತೂಕದ ಶೇಕಡಾ 12ರಿಂದ 13ರಷ್ಟು ನೀರು ಇರುತ್ತದೆ. ಅಂಥ ಅಕ್ಕಿಯನ್ನು ಡಬ್ಬದಲ್ಲಿ ತುಂಬಿ ಮುಚ್ಚಿದರೆ, ಒಳಗಿನ ಗಾಳಿಯ ತೇವ ಶೇಕಡಾ 60-65ರ ಹತ್ತಿರ ಬಂದು ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ಇಳಿಸುವ ಶಕ್ತಿ ಅಕ್ಕಿಗೆ ಇಲ್ಲ. ಲೆನ್ಸ್‌ಗೆ ಬೇಕಾಗಿರುವುದು 40ರಿಂದ 50. ನಂಬಿಕೆ ಬರದಿದ್ದರೆ ಗಾಳಿಯ ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ತಂದು ಅಕ್ಕಿ ಡಬ್ಬದಲ್ಲಿ ಒಂದು ರಾತ್ರಿ ಇಟ್ಟು ನೋಡಿ.

"ಹಾಗಾದರೆ ಉಪ್ಪಿನ ಡಬ್ಬಕ್ಕೆ ನಾಲ್ಕು ಅಕ್ಕಿಕಾಳು ಹಾಕಿದರೆ ಉಪ್ಪು ನೀರಾಗುವುದಿಲ್ಲವಲ್ಲ?" ಅಂತ ಕೇಳುವವರೂ ಇದ್ದಾರೆ. ಇದು ಒಳ್ಳೆಯ ಪ್ರಶ್ನೆ, ನನಗೆ ಇಷ್ಟವಾದ ಪ್ರಶ್ನೆ. ಅಡುಗೆ ಉಪ್ಪು ನೀರಾಗುವುದು ಗಾಳಿಯ ತೇವ ಶೇಕಡಾ 75 ದಾಟಿದಾಗ. ಅಕ್ಕಿ ಅದನ್ನು 70ರ ಆಸುಪಾಸಿನಲ್ಲಿ ಹಿಡಿದಿಟ್ಟರೂ ಉಪ್ಪಿಗೆ ಸಾಕು. ಲೆನ್ಸ್‌ಗೆ ಸಾಲದು. ಉಪ್ಪು ಉದುರು ಉದುರಾಗಿ ಇರುವ ಅದೇ ಡಬ್ಬದಲ್ಲಿ ಬೂಷ್ಟು ಆರಾಮವಾಗಿ ಬೆಳೆಯುತ್ತದೆ.

ಈ ನಂಬಿಕೆ ಜೋರಾಗಿದ್ದು ಮೊಬೈಲ್ ಬಂದಮೇಲೆ. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹಾಕು ಅಂತ ಎಲ್ಲರೂ ಹೇಳಿದರು. 2024ರಲ್ಲಿ ಆಪಲ್ ಕಂಪನಿಯೇ ಹಾಗೆ ಮಾಡಬೇಡಿ, ಅಕ್ಕಿಯ ಚೂರು ಫೋನಿಗೆ ಹಾನಿ ಮಾಡಬಹುದು ಅಂತ ತನ್ನ ಸೂಚನೆಯಲ್ಲಿ ಬರೆಯಿತು. ಲೆನ್ಸ್‌ಗೂ ಅದೇ ಅಪಾಯ. ಅಕ್ಕಿಯಲ್ಲಿ ಕೈ ಆಡಿಸಿ ನೋಡಿ, ಬಿಳಿ ಪುಡಿ ಅಂಟುತ್ತದೆ. ಅದು ಹಿಟ್ಟು. ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಹಳೇ ಲೆನ್ಸ್‌ಗಳು ಸೀಲ್ ಆಗಿರುವುದಿಲ್ಲ. ಫೋಕಸ್ ರಿಂಗ್ ತಿರುಗಿಸಿದಾಗಲೆಲ್ಲ ಲೆನ್ಸ್ ಉದ್ದವಾಗಿ, ಗಿಡ್ಡವಾಗಿ, ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಗಾಳಿಯ ಜೊತೆ ಆ ಹಿಟ್ಟೂ ಒಳಗೆ ಹೋಗುತ್ತದೆ.

ಇಷ್ಟೆಲ್ಲ ಬಿಟ್ಟುಬಿಡಿ. ಅಕ್ಕಿ ಮಂತ್ರ ಹಾಕಿದ ಹಾಗೆ ಕೆಲಸ ಮಾಡಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಬೂಷ್ಟು ಬೆಳೆಯುವುದು ನಿಲ್ಲುತ್ತದೆ ಅಷ್ಟೇ, ಬೆಳೆದಿದ್ದು ಎಲ್ಲಿಗೂ ಹೋಗುವುದಿಲ್ಲ. ಒಣಗಿದ ಎಳೆ ಗಾಜಿನ ಮೇಲೇ ಕೂತಿರುತ್ತದೆ. ಮುಂದಿನ ಜೂನ್‌ಗೆ ತೇವ ಸಿಕ್ಕಿದರೆ ಮತ್ತೆ ಎದ್ದೇಳುತ್ತದೆ. ಒರೆಸಿ ತೆಗೆಯದೆ ಅದು ಹೋಗುವುದಿಲ್ಲ. ಒರೆಸಬೇಕಾದರೆ ಬಿಚ್ಚಬೇಕು.

ಬಿಚ್ಚುವುದಕ್ಕೆ ಹೆದರಬೇಡಿ. 1960-70ರ ದಶಕದ ಮ್ಯಾನ್ಯುಯಲ್ ಲೆನ್ಸ್ ಒಳಗೆ ಮೋಟರ್ ಇಲ್ಲ, ವೈರ್ ಇಲ್ಲ. ಗಾಜು, ಲೋಹ, ಸ್ಕ್ರೂ, ಗ್ರೀಸ್. ಸೋವಿಯತ್ ಜೆನಿಟ್ ಕ್ಯಾಮೆರಾ ಜೊತೆ ಬರುತ್ತಿದ್ದ ಹೀಲಿಯೋಸ್ 44-2 ಅಭ್ಯಾಸಕ್ಕೆ ಒಳ್ಳೆಯದು. 58 ಎಂಎಂ, ಎಫ್/2, ನಾಲ್ಕು ಗುಂಪಿನಲ್ಲಿ ಆರು ಗಾಜು. ಜರ್ಮನಿಯ ಬಯೋಟಾರ್ ಲೆನ್ಸ್ ನೋಡಿ ಮಾಡಿದ್ದು. ರಾಶಿ ರಾಶಿ ತಯಾರಾಗಿದೆ, ಆದ್ದರಿಂದ ಬಿಡಿಭಾಗಕ್ಕೆ ಇನ್ನೊಂದು ಕೆಟ್ಟ ಲೆನ್ಸ್ ಸಿಗುವುದು ಕಷ್ಟವಲ್ಲ.

ಸಾಮಾನು ಜಾಸ್ತಿ ಬೇಡ. ಗಾಜು ಹಿಡಿದಿರುವ ರಿಂಗಿನ ಎರಡು ಕಚ್ಚಿಗೆ ಕೂರುವ ಲೆನ್ಸ್ ಸ್ಪ್ಯಾನರ್ ಒಂದು, ಒಳ್ಳೆಯ ಸಣ್ಣ ಸ್ಕ್ರೂಡ್ರೈವರ್‌ಗಳು, ರಬ್ಬರ್ ಬಲ್ಬಿನ ಬ್ಲೋವರ್. ಜಪಾನಿನ ಲೆನ್ಸ್ ಆದರೆ ಒಂದು ಎಚ್ಚರಿಕೆ. ಅದರ ಪ್ಲಸ್ ಸ್ಕ್ರೂಗಳು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯವು. ಮಾಮೂಲಿ ಫಿಲಿಪ್ಸ್ ಡ್ರೈವರ್ ಹಾಕಿ ಒತ್ತಿದರೆ ಜಾರಿ ತಲೆ ಕಿತ್ತುಹೋಗುತ್ತದೆ. ಜೆಐಎಸ್ ಡ್ರೈವರನ್ನೇ ತರಿಸಿಕೊಳ್ಳಿ. ಪ್ರತಿ ಹೆಜ್ಜೆಗೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಗಾಜು ಯಾವ ಮುಖ ಮೇಲಾಗಿ ಕೂತಿತ್ತು ಅನ್ನುವುದನ್ನಂತೂ ಮರೆಯಬೇಡಿ, ತಿರುಗಿಸಿ ಹಾಕಿದರೆ ಚಿತ್ರವೆಲ್ಲ ಮಂಜು.

ಬೂಷ್ಟಿಗೆ ಮೆಡಿಕಲ್ ಶಾಪ್‌ನ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಸಮಪಾಲು ನೀರು ಬೆರೆಸಿ, ಹತ್ತಿಯಲ್ಲಿ ಹಚ್ಚಿ, ಕೆಲವು ನಿಮಿಷ ಬಿಟ್ಟು ಮೆಲ್ಲಗೆ ಒರೆಸಿ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಇನ್ನೊಮ್ಮೆ. ಗಾಜನ್ನು ದ್ರವದಲ್ಲಿ ಮುಳುಗಿಸಬೇಡಿ. ಕೆಲವು ಗಾಜುಗಳು ಎರಡೆರಡು ಅಂಟಿಸಿದವು, ಅಂಟು ಬಿಡಬಹುದು. ಅಸಿಟೋನ್ ಬೇಡವೇ ಬೇಡ. ಒರೆಸಿದ ಮೇಲೂ ಎಳೆಯ ಗುರುತು ಉಳಿದರೆ ಅದು ಕೊರೆದ ಕೋಟಿಂಗ್, ವಾಪಸ್ ಬರುವುದಿಲ್ಲ. ಬೆಳಕಿಗೆ ಎದುರಾಗಿ ತೆಗೆದಾಗ ಚಿತ್ರ ಸ್ವಲ್ಪ ಮಂಕಾಗಬಹುದು. ಸ್ವಲ್ಪವೇ ಇದ್ದರೆ ಉಳಿದ ಹೊತ್ತು ಗೊತ್ತೇ ಆಗುವುದಿಲ್ಲ.

ಫೋಕಸ್ ರಿಂಗ್ ಬಿಗಿಯಾಗಿರುವುದು ಹಳೇ ಗ್ರೀಸ್ ಗಟ್ಟಿಯಾಗಿ. ಇಲ್ಲಿ ನಮ್ಮ ಕಡೆಯವರು ಮಾಡುವ ಒಂದು ತಪ್ಪು ಇದೆ. ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಒರೆಸಿ ಎಣ್ಣೆ ಹಾಕುವ ಕೈ, ಅದೇ ಎಣ್ಣೆಯನ್ನು ಲೆನ್ಸ್‌ಗೂ ಎರಡು ಹನಿ ಬಿಡುತ್ತದೆ. ದಯವಿಟ್ಟು ಬೇಡ. ತೆಳು ಎಣ್ಣೆ ಹರಿದು, ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಬ್ಲೇಡ್‌ಗೆ ಹೋಗುತ್ತದೆ, ಬ್ಲೇಡ್‌ಗಳು ಒಂದಕ್ಕೊಂದು ಅಂಟುತ್ತವೆ. ಬ್ಲೇಡ್‌ಗೆ ಎಣ್ಣೆ ಬೇಡವೇ ಬೇಡ, ಒಣಗಿಯೇ ಇರಬೇಕು. ಫೋಕಸ್ ಮರೆಗೆ (ರಿಂಗ್ ಒಳಗಿನ ಸ್ಕ್ರೂ ಥರದ ಸುತ್ತುಗಳಿಗೆ) ಮಾತ್ರ, ಹಳೆಯದನ್ನು ಪೂರ್ತಿ ತೊಳೆದು, ಅದಕ್ಕೆಂದೇ ಇರುವ ಹೆಲಿಕಾಯ್ಡ್ ಗ್ರೀಸ್ ತೆಳುವಾಗಿ ಸವರಿ.

ಈ ಮರೆಯನ್ನು ಬಿಡಿಸುವಾಗ ಉಸಿರು ಬಿಗಿಹಿಡಿದು ನೋಡಿ. ಬಾಟಲಿ ಮುಚ್ಚಳದ ಹಾಗೆ ಅದಕ್ಕೆ ಒಂದೇ ಶುರು ಇರುವುದಿಲ್ಲ, ಸುತ್ತಲೂ ಹಲವು ಶುರುಗಳಿರುತ್ತವೆ. ಎಲ್ಲಿ ಬಿಟ್ಟುಕೊಂಡಿತೋ ಅಲ್ಲೇ ಎರಡೂ ಭಾಗದ ಮೇಲೆ ಒಂದು ಗೀರು ಎಳೆಯಿರಿ. ಬೇರೆ ಶುರುವಿನಲ್ಲಿ ಕೂರಿಸಿದರೂ ನುಣ್ಣಗೆ ತಿರುಗುತ್ತದೆ, ಎಲ್ಲ ಸರಿ ಅನ್ನಿಸುತ್ತದೆ. ಆದರೆ ದೂರದ್ದು ಯಾವುದೂ ಫೋಕಸ್ ಆಗುವುದಿಲ್ಲ.

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕು: ದೂರ ಅಂದರೆ ಎಷ್ಟು ದೂರ? ಜೋಡಿಸಿದ ಮೇಲೆ ರಿಂಗನ್ನು ಇನ್ಫಿನಿಟಿ (ಅನಂತ ದೂರದ) ಗುರುತಿಗೆ ತಂದು, ಅಲ್ಲಿ ದೂರದ ವಸ್ತು ಚೂಪಾಗಿ ಕಾಣುವಂತೆ ಕೂರಿಸಬೇಕು. ಹೆಚ್ಚಿನವರು ಅಂಗಳದಾಚೆಯ ಸಿಲ್ವರ್ ಓಕ್ ನೋಡಿ ಮುಗಿಸುತ್ತಾರೆ. 58 ಎಂಎಂ ಲೆನ್ಸ್‌ಗೆ 50 ಮೀಟರ್ ದೂರದ ಮರಕ್ಕೂ ನಿಜವಾದ ಇನ್ಫಿನಿಟಿಗೂ ಲೆನ್ಸ್ ನಿಲ್ಲಬೇಕಾದ ಜಾಗದಲ್ಲಿ ಸುಮಾರು 0.07 ಮಿಲಿಮೀಟರ್ ವ್ಯತ್ಯಾಸ. ಎಫ್/2ರಲ್ಲಿ, ಅಂದರೆ ಅಪರ್ಚರ್ ಪೂರ್ತಿ ತೆರೆದು ತೆಗೆದರೆ ಅಷ್ಟೇ ಸಾಕು ಬೆಟ್ಟ ಮಸುಕಾಗಲು. ಕನಿಷ್ಠ ಒಂದು ಕಿಲೋಮೀಟರ್ ಆಚೆಯದನ್ನು ನೋಡಿ. ಡಿಜಿಟಲ್ ಕ್ಯಾಮೆರಾಗೆ ಅಡಾಪ್ಟರ್ ಹಾಕಿ ನೋಡುವವರು ಇನ್ನೊಂದು ತಿಳಿದಿರಬೇಕು. ಎಷ್ಟೋ ಅಡಾಪ್ಟರ್‌ಗಳನ್ನು ಬೇಕೆಂದೇ ಅಳತೆಗಿಂತ ಕೂದಲೆಳೆಯಷ್ಟು ತೆಳು ಮಾಡಿರುತ್ತಾರೆ, ಅದರಲ್ಲಿ ನೋಡಿ ಹೊಂದಿಸಿದರೆ ಗುರುತು ತಪ್ಪುತ್ತದೆ. ಸಾಧ್ಯವಾದರೆ ಲೆನ್ಸ್‌ನ ಸ್ವಂತ ಫಿಲ್ಮ್ ಕ್ಯಾಮೆರಾದಲ್ಲೇ ನೋಡಿ.

ಲೆನ್ಸ್ ಇಡುವ ಡಬ್ಬಕ್ಕೆ ಅಕ್ಕಿ ಬದಲು ತೇವ ಹೀರುವ ಸಿಲಿಕಾ ಜೆಲ್ ಹರಳು. ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬ, ಒಳಗೆ ಹೈಗ್ರೋಮೀಟರ್. ಕಿತ್ತಳೆ ಬಣ್ಣದ ಜೆಲ್ ತನ್ನಿ, ಹಸಿರಾದಾಗ ಸುಮಾರು 120 ಡಿಗ್ರಿ ಬಿಸಿಯಲ್ಲಿ ಒಣಗಿಸಿದರೆ ಮತ್ತೆ ಬಳಸಬಹುದು. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅದನ್ನು ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ.

ಈಗ ಜುಲೈನಲ್ಲಿ ಬಿಚ್ಚಿ ಜೋಡಿಸಿದವರಿಗೆ ಒಂದು ಮಾತು. ಮಂಜು ಇಳಿದಿರುವಾಗ ಎದುರಿನ ಗುಡ್ಡವೇ ಕಾಣುವುದಿಲ್ಲ, ಇನ್ಫಿನಿಟಿ ಎಲ್ಲಿಂದ ಕಾಣಬೇಕು? ಮೋಡ ಬಿರಿದ ರಾತ್ರಿ ಚಂದ್ರ ಸಿಕ್ಕರೆ ಅವನನ್ನೇ ನೋಡಿ ಹೊಂದಿಸಿ. ಸಿಗದಿದ್ದರೆ ಫೋಕಸ್ ರಿಂಗನ್ನು ಹಿಡಿದಿಡುವ ಮೂರು ಸಣ್ಣ ಸ್ಕ್ರೂಗಳನ್ನು ಅರ್ಧ ಬಿಗಿ ಮಾಡಿ, ಲೆನ್ಸನ್ನು ಸಿಲಿಕಾ ಡಬ್ಬದಲ್ಲಿ ಇಟ್ಟುಬಿಡಿ. ಮಳೆ ಹಿಂದೆ ಸರಿದು ತಡಿಯಂಡಮೋಳ್ ಬೆಟ್ಟದ ಅಂಚು ಗೆರೆ ಎಳೆದ ಹಾಗೆ ಕಾಣುವ ಒಂದು ಬೆಳಿಗ್ಗೆ ಹೊರಗೆ ತನ್ನಿ. ಸ್ಕ್ರೂ ಅವತ್ತು ಬಿಗಿ ಮಾಡಿದರೆ ಆಯಿತು.