ಬೀಳು–ಬಿದ್ದ ಬಲ್ಲವರಿಗೆ ಕೀಪ್–ಕೆಪ್ಟ್ ಕಷ್ಟವೇ?

ಪರೀಕ್ಷೆ ಹತ್ತಿರ ಬಂತೆಂದರೆ ದಾವಣಗೆರೆ, ಜಗಳೂರು, ಹೊಳಲ್ಕೆರೆ ಸೀಮೆಯ ಕನ್ನಡ ಮಾಧ್ಯಮದ ಮಕ್ಕಳು 'ಅರೈಸ್–ಅರೋಸ್–ಅರಿಸನ್' ಎಂದು ಇಂಗ್ಲಿಷಿನ ಇರ್‌ರೆಗ್ಯುಲರ್ ವರ್ಬ್‌ಗಳ, ಅಂದರೆ ಭೂತಕಾಲದಲ್ಲಿ 'ಎಡ್' ಸೇರದೆ ರೂಪ ಬದಲಿಸುವ ಕ್ರಿಯಾಪದಗಳ, ಪಟ್ಟಿಯನ್ನು ಮೇಲಿನಿಂದ ಉರು ಹೊಡೆಯುತ್ತಾರೆ. ನಡುವಿನ ಒಂದನ್ನು ಕೇಳಿದರೆ ತಡವರಿಸುತ್ತಾರೆ. ಅದು ದಡ್ಡತನವಲ್ಲ. ಸಾಲಾಗಿ ಕಲಿತಾಗ ಪ್ರತಿ ಪದಕ್ಕೂ ಅದರ ಹಿಂದಿನ ಪದವೇ ಸುಳಿವು. ಸುಳಿವು ತಪ್ಪಿದರೆ ನೆನಪೂ ತಪ್ಪುತ್ತದೆ. ಬ್ರಾಹ್ಮಿ ತಿನ್ನಿಸಿದರೆ ಇದು ಸರಿಹೋಗದು.

ಇರ್‌ರೆಗ್ಯುಲರ್ ವರ್ಬ್‌ಗಳಿಗೆ ಯಾವ ಕ್ರಮವೂ ಇಲ್ಲವೆಂಬ ಮಾತಂತೂ ಪೂರ್ತಿ ತಪ್ಪು. ನಮ್ಮ ಬಾಯಲ್ಲೇ ನೋಡಿ. 'ಓಡು' 'ಓಡಿದ' ಆದರೂ 'ಕೊಡು' 'ಕೊಡಿದ' ಆಗುವುದಿಲ್ಲ. ಕೊಟ್ಟ, ಬಿಟ್ಟ, ಸುಟ್ಟ, ನೆಟ್ಟ. ಡಕಾರ ಟಕಾರವಾಗುವ ಜಾಡು ಸೆಂಡ್–ಸೆಂಟ್, ಬೆಂಡ್–ಬೆಂಟ್, ಬಿಲ್ಡ್–ಬಿಲ್ಟ್‌ನಲ್ಲೂ ಇದೆ. ಇನ್ನೂ ಸೊಗಸು ಸ್ವರದ್ದು. ಬೀಳು–ಬಿದ್ದ, ಏಳು–ಎದ್ದ, ಸಾಯು–ಸತ್ತ: ಮುಂದೆ ಒತ್ತಕ್ಷರ ಬಂದಾಗ ಹಿಂದಿನ ದೀರ್ಘ ಹ್ರಸ್ವವಾಗುತ್ತದೆ. ಕೀಪ್–ಕೆಪ್ಟ್, ಸ್ಲೀಪ್–ಸ್ಲೆಪ್ಟ್, ಫೀಲ್–ಫೆಲ್ಟ್ ಕೂಡ ಹೀಗೇ ಹುಟ್ಟಿದ್ದು. ಕೊನೆಗೆ ಟಕಾರ ಸೇರಿ ಎರಡು ವ್ಯಂಜನ ಕೂಡಿದ್ದರಿಂದ ಹಳೆಯ ದೀರ್ಘ ಮೊಟಕಾಯಿತು. ಎರಡು ಭಾಷೆಗಳಿಗೆ ನಂಟಿಲ್ಲ, ಆದರೂ ನಾಲಿಗೆಯ ಜಾಯಮಾನ ಒಂದೇ! ಇದನ್ನು ತರಗತಿಯಲ್ಲಿ ಹೇಳದಿರುವುದು ದೊಡ್ಡ ನಷ್ಟ.

ಸಂಶೋಧಕ ಎರೆಜ್ ಲೀಬರ್ಮನ್ ಮತ್ತು ಸಂಗಡಿಗರು 2007ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟರು. ಅವರು ಆಯ್ದ ಹಳೆಯ ಇಂಗ್ಲಿಷಿನ 177 ಇಂಥ ಕ್ರಿಯಾಪದಗಳಲ್ಲಿ ಇಂದಿಗೂ ಹಾಗೇ ಉಳಿದವು 98. ಬಳಕೆ ನೂರು ಪಟ್ಟು ಕಡಿಮೆಯಿದ್ದ ಪದ ಹತ್ತು ಪಟ್ಟು ಬೇಗ 'ಎಡ್' ಪ್ರತ್ಯಯಕ್ಕೆ ಶರಣಾಗಿದೆ. 'ಹೆಲ್ಪ್'ಗೆ ಹಿಂದೆ 'ಹೋಲ್ಪ್' ಎಂಬ ರೂಪವಿತ್ತು, ಈಗ 'ಹೆಲ್ಪ್ಡ್'. ಹಟ ಬಿಡದೆ ಉಳಿಯುವುದು ಹೆಚ್ಚು ಬಳಕೆಯ ಪದಗಳೇ. ಹಾಗಾಗಿ ಬಿ, ಹ್ಯಾವ್, ಡು, ಸೇ, ಗೋ, ಕಮ್, ಟೇಕ್, ಮೇಕ್, ಸೀ, ಗೆಟ್ ಮೊದಲು ಬರಲಿ, 'ಅರೈಸ್' ಕಾಯಲಿ.

ಅನಂತರ ಸೆಂಡ್–ಬೆಂಡ್, ಕೀಪ್–ಸ್ಲೀಪ್‌ನಂತೆ ಒಂದೇ ಜಾಡಿನ ಪದಗಳನ್ನು ಗುಂಪು ಮಾಡಿ. ದಿನಕ್ಕೊಂದು ಗುಂಪು, ಆರೇಳು ಪದ ಸಾಕು. ಹಳೇ ನೋಟ್‌ಬುಕ್ಕಿನ ರಟ್ಟನ್ನು ಚೀಟಿಗಳಾಗಿ ಕತ್ತರಿಸಿ. ಮುಂದೆ ವಿ1 (ಕ್ರಿಯಾಪದದ ಮೂಲ ರೂಪ) ಬರೆಯಬೇಡಿ, ಕನ್ನಡ ವಾಕ್ಯ ಬರೆಯಿರಿ: 'ನಿನ್ನೆ ಓಬವ್ವನ ಕಿಂಡಿ ನೋಡಿದೆ', 'ಮಂಡಕ್ಕಿ ಡಬ್ಬಿ ಮೇಲಿಟ್ಟೆ'. ಹಿಂದೆ ಇಂಗ್ಲಿಷ್ ವಾಕ್ಯ, ಮೂರೂ ರೂಪ. ಚೀಟಿ ತಿರುಗಿಸುವ ಮೊದಲು ಉತ್ತರವನ್ನು ಗಟ್ಟಿಯಾಗಿ ಹೇಳಲೇಬೇಕು. ಮತ್ತೆ ಮತ್ತೆ ಓದುವುದಕ್ಕಿಂತ ತಡಕಾಡಿ ನೆನಪಿಸಿಕೊಳ್ಳುವುದೇ ನೆನಪನ್ನು ಬಲಪಡಿಸುತ್ತದೆ. ಮೂರು ಡಬ್ಬಿ ಇಡಿ: ಮೊದಲನೆಯದು ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿಯಾದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ಮೊದಲನೆಯದಕ್ಕೆ. ವಿಜ್ಞಾನ ಬರಹಗಾರ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಉಪಾಯವಿದು. ಮರುದಿನದಿಂದ ಗುಂಪುಗಳನ್ನು ಕಲಸಿ, ಇಲ್ಲದಿದ್ದರೆ ಗುಂಪೇ ಉತ್ತರ ಹೇಳಿಕೊಡುತ್ತದೆ.

ಗುಂಪು ಮೋಸ ಮಾಡುವ ಜಾಗಗಳೂ ಇವೆ. ಸಿಂಗ್–ಸ್ಯಾಂಗ್ ನಂಬಿ 'ಬ್ರಿಂಗ್–ಬ್ರ್ಯಾಂಗ್' ಎನ್ನುತ್ತಾರೆ. ಅದು ಬೈ, ಥಿಂಕ್, ಕ್ಯಾಚ್, ಟೀಚ್ ಜೊತೆ ಸೇರಿ 'ಬ್ರಾಟ್' ಆಗುತ್ತದೆ. 'ರೀಡ್' ಕಾಗುಣಿತ ಬದಲಾಗದೆ ಉಚ್ಚಾರ ಮಾತ್ರ 'ರೆಡ್' ಆಗುತ್ತದೆ.

ಎಲ್ಲ ಬಂದ ಮೇಲೂ 'ಐ ಡಿಡ್ ನಾಟ್ ವೆಂಟ್' ನುಸುಳುತ್ತದೆ. 'ಡಿಡ್' ಆಗಲೇ ಭೂತಕಾಲವನ್ನು ಹೇಳಿಬಿಟ್ಟಿರುವುದರಿಂದ ಮುಂದೆ ವಿ1 'ಗೋ' ಬರಬೇಕು. ನಾವೂ 'ಹೋಗಲಿಲ್ಲ' ಎನ್ನುತ್ತೇವೆ, 'ಹೋದಲಿಲ್ಲ' ಎನ್ನುವುದಿಲ್ಲ. ಪ್ರತಿ ಪದಕ್ಕೂ 'ಇಲ್ಲ' ಇರುವ ಇನ್ನೊಂದು ಚೀಟಿ ಬರೆದು ಅದೇ ಡಬ್ಬಿಗೆ ಹಾಕಿ.