ಪಿಯುಸಿ ಅಂಕದ ಕಾಲಂನಲ್ಲಿ ನಿಂತ ಅರ್ಜಿಗಳು

ಹಾಸನದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಂದರ್ಶನದ ತರಬೇತಿ ಕೊಡಲು ಆರಂಭಿಸಿದ ಮೇಲೆ, ವಾರಕ್ಕೊಬ್ಬರಾದರೂ ತಂದೆಯೋ ತಾಯಿಯೋ ಬಂದು ನನ್ನ ಮುಂದೆ ಇಡುವ ಪ್ರಶ್ನೆ ಒಂದೇ: "ಬೆಂಗಳೂರಿನ ಕಂಪನಿಗಳು ಹೊರರಾಜ್ಯದವರನ್ನೇ ಯಾಕೆ ತಗೋತವೆ ಸಾರ್? ನಮ್ಮ ಮಕ್ಕಳು ಓದಿಲ್ವಾ?" ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ನೇಮಕಾತಿ ವಿಭಾಗದಲ್ಲಿ ಹದಿನಾಲ್ಕು ವರ್ಷ ಮೇಜಿನ ಆ ಬದಿಯಲ್ಲಿ ಕುಳಿತು ಬಂದವನಾದ್ದರಿಂದ, ಈ ಪ್ರಶ್ನೆಗೆ ಜಾರಿಕೊಳ್ಳುವ ಉತ್ತರ ಕೊಡುವುದು ನನ್ನಿಂದಾಗದು. ಹೊರಗಿನವರನ್ನೇ ಆರಿಸಿ ಎಂದು ಆ ಹದಿನಾಲ್ಕು ವರ್ಷಗಳಲ್ಲಿ ಯಾವ ಮ್ಯಾನೇಜರೂ ನನಗೆ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ, ಏಕೆಂದರೆ ಅಭ್ಯರ್ಥಿ ನನ್ನೆದುರು ಬಂದು ಕೂರುವ ಹೊತ್ತಿಗೆ ಅವನು ಯಾವ ಊರಿನವನಾಗಿರಬಹುದು ಎಂಬುದು ಬಹುಪಾಲು ತೀರ್ಮಾನವಾಗಿ ಹೋಗಿರುತ್ತಿತ್ತು.

ಒಂದು ಹುದ್ದೆ ತುಂಬುವ ಬಗೆಯನ್ನು ನೋಡಿದರೆ ಇದು ಅರ್ಥವಾಗುತ್ತದೆ. ಹೊಸ ಪ್ರಾಜೆಕ್ಟ್ ಸಿಕ್ಕಿದ ಕೂಡಲೇ ಮ್ಯಾನೇಜರ್ "ಮೂರರಿಂದ ಐದು ವರ್ಷ ಅನುಭವವಿರುವ ಐದು ಮಂದಿ ಬೇಕು, ಮುಂದಿನ ತಿಂಗಳ ಒಂದನೇ ತಾರೀಖಿಗೆ ಕೆಲಸ ಶುರುವಾಗಬೇಕು" ಎನ್ನುತ್ತಾನೆ. ನಾವು ಮೊದಲು ಬೆಂಚಿನಲ್ಲಿರುವವರನ್ನು, ಅಂದರೆ ಪ್ರಾಜೆಕ್ಟ್ ಇಲ್ಲದೆ ಕುಳಿತಿರುವ ನಮ್ಮದೇ ಸಿಬ್ಬಂದಿಯನ್ನು ನೋಡುತ್ತೇವೆ; ಸಿಗದಿದ್ದರೆ ರೆಫರಲ್, ಅಂದರೆ ನಮ್ಮ ಉದ್ಯೋಗಿಗಳೇ ಸೂಚಿಸುವ ಹೆಸರುಗಳನ್ನು ಕೇಳುತ್ತೇವೆ; ಅದೂ ಸಾಲದಿದ್ದರೆ ಉದ್ಯೋಗ ಪೋರ್ಟಲುಗಳನ್ನು ಜಾಲಾಡಿ, ಕೊನೆಗೆ ಏಜೆನ್ಸಿಗಳಿಗೆ ಬಿಡುತ್ತೇವೆ. ಈ ಉದ್ಯಮದಲ್ಲಿ ಅನೇಕ ಕಡೆ ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಹಳೆಯ ಕಂಪನಿಯಲ್ಲಿ ದುಡಿಯಬೇಕಾದ ಅವಧಿ, 90 ದಿನ. ಹಾಗಾಗಿ ಈಗಾಗಲೇ ರಾಜೀನಾಮೆ ಕೊಟ್ಟು, ಹದಿನೈದು ದಿನದಲ್ಲಿ ಬಂದು ಸೇರುತ್ತೇನೆ ಎನ್ನುವವನು ಪುಣೆಯಲ್ಲಿದ್ದರೂ ನೊಯ್ಡಾದಲ್ಲಿದ್ದರೂ ಪಟ್ಟಿಯ ಮೇಲಕ್ಕೆ ಬರುತ್ತಾನೆ. ಅಲ್ಲಿ ಕೇಳುವುದು ದಿನಾಂಕವನ್ನು ಮಾತ್ರ, ಊರನ್ನಲ್ಲ.

ಊರು ಸದ್ದಿಲ್ಲದೆ ಒಳಗೆ ಬರುವುದು ರೆಫರಲ್ ಮೂಲಕ. ತಾನು ಸೂಚಿಸಿದವನು ಸೇರಿ ಕೆಲವು ತಿಂಗಳು ಪೂರೈಸಿದರೆ ಸೂಚಿಸಿದ ಉದ್ಯೋಗಿಗೆ ಹಣ ಸಿಗುತ್ತದೆ; ಏಜೆನ್ಸಿಗೆ ಕೊಡುವುದಕ್ಕಿಂತ ಅದು ಕಡಿಮೆಯಾದ್ದರಿಂದ ಕಂಪನಿಗೂ ಲಾಭವೇ. ಮನುಷ್ಯ ಸೂಚಿಸುವುದಾದರೂ ಯಾರನ್ನು? ಹಾಸ್ಟೆಲಿನ ಜೊತೆಗಾರನನ್ನು, ತನ್ನ ಊರಿನವನನ್ನು, ಹಳೆಯ ಕಂಪನಿಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದವನನ್ನು. ತಂಡದ ಮೊದಲ ಐವರು ಒಂದೇ ಸೀಮೆಯವರಾದರೆ ಆರನೆಯವನು ಎಲ್ಲಿಂದ ಬರುತ್ತಾನೆ ಎಂದು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಇದರಲ್ಲಿ ಹೊರರಾಜ್ಯದವರ ಸಂಚು ಹುಡುಕುವವರಿಗೆ ನಾನು ಹೇಳುವುದಿಷ್ಟು: ನಾನಿದ್ದ ಒಂದು ಕಂಪನಿಯಲ್ಲಿ ಹೊಳೆನರಸೀಪುರದ ಕಡೆಯವರೊಬ್ಬರು ಟೀಂ ಲೀಡ್ ಆದ ಮೂರು ವರ್ಷಗಳಲ್ಲಿ ಆ ತಂಡದಲ್ಲಿ ನಮ್ಮ ಜಿಲ್ಲೆಯವರೇ ಏಳು ಮಂದಿ ಆದರು, ಅದನ್ನು ಯಾರೂ ಸಂಚು ಎನ್ನಲಿಲ್ಲ. ನಮ್ಮ ಕಡೆಯ ಹಿರಿಯ ಉದ್ಯೋಗಿಗಳಲ್ಲಿ ಹಲವರಿಗೆ ಹೆಸರು ಸೂಚಿಸಲು ಏನೋ ಸಂಕೋಚ. "ಆಮೇಲೆ ಅವನು ಸರಿಯಾಗಿ ಕೆಲಸ ಮಾಡದಿದ್ದರೆ ನನ್ನ ತಲೆಗೆ ಬರುತ್ತೆ" ಎಂಬ ಅಂಜಿಕೆ.

ಹೊಸದಾಗಿ ಓದು ಮುಗಿಸಿದವರ ನೇಮಕಾತಿಯ ದಾರಿಯೇ ಬೇರೆ, ಮತ್ತು ನನ್ನ ಅನುಭವದಲ್ಲಿ ಹಾಸನ, ಚಿಕ್ಕಮಗಳೂರಿನ ಮಕ್ಕಳು ಹೆಚ್ಚಾಗಿ ಉದುರಿಹೋಗುವುದು ಅಲ್ಲಿಯೇ. ಕಂಪನಿಗಳು ಖುದ್ದಾಗಿ ಹೋಗುವ ಕಾಲೇಜುಗಳ ಪಟ್ಟಿ ಚಿಕ್ಕದು. ಹಾಸನದಲ್ಲಿ 1960ರಷ್ಟು ಹಿಂದೆಯೇ ಆರಂಭವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿದೆ, ಆಮೇಲೆ ಬಂದ ಸರ್ಕಾರಿ ಮತ್ತು ಖಾಸಗಿ ಕಾಲೇಜುಗಳಿವೆ, ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ತಾಂತ್ರಿಕ ಸಂಸ್ಥೆ ಇದೆ. ಆದರೂ ಇಲ್ಲಿನ ಬಹಳಷ್ಟು ವಿದ್ಯಾರ್ಥಿಗಳಿಗೆ ಉಳಿಯುವುದು ಹಲವು ಕಾಲೇಜುಗಳನ್ನು ಒಟ್ಟಿಗೆ ಸೇರಿಸಿ ನಡೆಸುವ ಪೂಲ್ ಡ್ರೈವ್ ಅಥವಾ ಆನ್‌ಲೈನ್ ಅರ್ಜಿ. ಆ ಅರ್ಜಿಯ ಎರಡನೆಯ ಪುಟದಲ್ಲಿ ಒಂದು ಷರತ್ತು ಕಾದಿರುತ್ತದೆ: ಹತ್ತನೇ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಶೇ. 60 ಇರಬೇಕು. ಮೇಲ್ನೋಟಕ್ಕೆ ಇದಕ್ಕಿಂತ ನಿಷ್ಪಕ್ಷಪಾತವಾದ ನಿಯಮ ಇನ್ನೊಂದಿಲ್ಲ. ಆದರೆ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನದಿಂದ ಭೌತಶಾಸ್ತ್ರವನ್ನೂ ಗಣಿತವನ್ನೂ ಒಮ್ಮೆಲೇ ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಶೇ. 88 ತೆಗೆದವಳು ಪಿಯುಸಿಯಲ್ಲಿ 57ಕ್ಕೆ ಇಳಿದು, ಪದವಿಯಲ್ಲಿ ಮತ್ತೆ ಹತ್ತಕ್ಕೆ ಎಂಟರ ಮೇಲೆ ಸಿಜಿಪಿಎ (ಒಟ್ಟು ಸರಾಸರಿ ಅಂಕ) ಗಳಿಸುತ್ತಾಳೆ. ಇಳಿದು ಮತ್ತೆ ಏರಿದ ಈ ಗೆರೆಯಲ್ಲಿ ಅವಳ ಗಟ್ಟಿತನ ಕಾಣಬೇಕಿತ್ತು. ಜರಡಿಗೆ ಕಾಣುವುದು ಮಾತ್ರ ಆ 57. ನಾನೂ ಈ ಜರಡಿಯನ್ನು ವರ್ಷಗಟ್ಟಲೆ ಆಡಿಸಿದ್ದೇನೆ. ಮೂರು ಸಾವಿರ ಅರ್ಜಿಗಳನ್ನು ಮುನ್ನೂರಕ್ಕೆ ಇಳಿಸಲು ಅದು ಸುಲಭದ ಉಪಾಯವಾಗಿತ್ತು. ಅದರಿಂದ ಯಾರು ಉದುರುತ್ತಿದ್ದಾರೆ ಎಂದು ಒಮ್ಮೆಯೂ ಲೆಕ್ಕ ಹಾಕಿ ನೋಡಿದವನಲ್ಲ.

ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷದ ಬಿ.ಇ.ಗೆ ಸೇರಿದವರ ಪಾಡು ಇದಕ್ಕಿಂತ ವಿಚಿತ್ರ. ಅವರಿಗೆ ಪಿಯುಸಿಯೇ ಇರುವುದಿಲ್ಲ. ಕೆಲವು ಅರ್ಜಿಗಳಲ್ಲಿ ಆ ಕಾಲಂ ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ.

ಕಳೆದ ತಿಂಗಳು ಅಣಕು ಸಂದರ್ಶನಕ್ಕೆ ಕುಳಿತಿದ್ದ, ಪಿಯುಸಿಯಲ್ಲಿ ಅದೇ 57 ಬಂದಿದ್ದ ಅರಕಲಗೂಡು ಕಡೆಯ ವಿದ್ಯಾರ್ಥಿನಿಯೊಬ್ಬಳನ್ನು ಪ್ರಾಜೆಕ್ಟ್ ಬಗ್ಗೆ ಇಂಗ್ಲಿಷಿನಲ್ಲಿ ಕೇಳಿದೆ. ಆಲೂಗಡ್ಡೆ ಬೆಳೆಗೆ ಅಂಗಮಾರಿ ಬರುವುದನ್ನು ಮುಂಚಿತವಾಗಿ ಹೇಳುವ ಉಪಕರಣ ಎಂದು ಬಾಯಿಪಾಠ ಮಾಡಿದ್ದ ಎರಡು ವಾಕ್ಯ ಹೇಳಿ ನಿಲ್ಲಿಸಿದಳು. "ಅಲ್ಲಮ್ಮ, ಹೊಲದಲ್ಲಿ ಸಿಗ್ನಲ್ ಹೋದರೆ ಏನು ಮಾಡ್ತೀಯಾ?" ಎಂದು ಕನ್ನಡದಲ್ಲಿ ಕೇಳಿದ್ದೇ ತಡ, ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಂದು ಕುಳಿತಳು. ಮೊದಲ ವಾರ ಮಧ್ಯಾಹ್ನದ ತೇವಾಂಶದ ಲೆಕ್ಕ ಇಲ್ಲವಾಗುತ್ತಿದ್ದುದು, ಆಮೇಲೆ ಪ್ರತಿ ಅಳತೆಗೂ ಸಮಯದ ಗುರುತು ಹಾಕಿ ಮೆಮೊರಿ ಕಾರ್ಡಿನಲ್ಲಿ ಇಟ್ಟುಕೊಂಡು ಸಿಗ್ನಲ್ ಬಂದಾಗ ಕಳುಹಿಸುವಂತೆ ಬರೆದದ್ದು, ಹಾಗೆ ಮಾಡಿದಾಗ ಒಂದೇ ಅಳತೆ ಎರಡು ಸಲ ಸೇರಿಕೊಂಡು ಸರಾಸರಿ ತಪ್ಪಿದ್ದು, ಅದನ್ನು ಸರಿಪಡಿಸಿದ್ದು, ಎಲ್ಲವನ್ನೂ ಹತ್ತು ನಿಮಿಷ ಬಿಡಿಸಿ ಹೇಳಿದಳು. ಒಂದೇ ಮಾಹಿತಿ ಎರಡು ಸಲ ಬಂದರೂ ಲೆಕ್ಕ ಕೆಡದಂತೆ ನೋಡಿಕೊಳ್ಳುವುದು ಹಣ ಪಾವತಿಯ ಆ್ಯಪ್‌ಗಳಲ್ಲೂ ದಿನನಿತ್ಯದ ಸಮಸ್ಯೆಯೇ. ಆ ಹತ್ತು ನಿಮಿಷದ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಬಂದಿದ್ದರೆ ಅವಳನ್ನು ನಾನು ಅಂದೇ ಆರಿಸುತ್ತಿದ್ದೆ.

ಇಲ್ಲಿ ಕಂಪನಿಯನ್ನೊಂದೇ ದೂರಿ ಪ್ರಯೋಜನವಿಲ್ಲ. ವಿದೇಶಿ ಗ್ರಾಹಕನ ಜೊತೆ ಕರೆಯಲ್ಲಿ ಮಾತಾಡಲೇಬೇಕಾದ ಕೆಲಸಕ್ಕೆ ಇಂಗ್ಲಿಷ್ ಬೇಕು. ಬಿಹಾರದ ಚಿಕ್ಕ ಊರಿನಿಂದ ಬಂದ ಹುಡುಗನಿಗೂ ಅದು ತಾಯ್ನುಡಿಯಲ್ಲ. ತಪ್ಪು ಇಂಗ್ಲಿಷಿನಲ್ಲೇ ಆದರೂ ಅವನು ಮಾತು ನಿಲ್ಲಿಸುವುದಿಲ್ಲ. ನಮ್ಮವರು ವ್ಯಾಕರಣ ತಪ್ಪೀತೆಂದು ಸುಮ್ಮನಾಗುತ್ತಾರೆ, ಸಂದರ್ಶಕ ಅದನ್ನು ವಿಷಯ ಗೊತ್ತಿಲ್ಲವೆಂದು ಬರೆದುಕೊಳ್ಳುತ್ತಾನೆ. ನಾಲ್ಕು ವರ್ಷದ ಪದವಿಯಲ್ಲಿ ವಿದ್ಯಾರ್ಥಿ ಎದ್ದು ನಿಂತು ತಾನು ಮಾಡಿದ ಕೆಲಸವನ್ನು ವಿವರಿಸುವ ಸಂದರ್ಭ ಎಷ್ಟು ಸಲ ಬರುತ್ತದೆ ಎಂದು ಕಾಲೇಜುಗಳೂ ಕೇಳಿಕೊಳ್ಳಬೇಕು.

ದೂರವೂ ಒಂದು ಜರಡಿ. ಎರಡು ವರ್ಷದ ಹಿಂದೆ ಒಂದು ಕಂಪನಿ ಹಾಸನದಲ್ಲೇ ನಡೆಸುವುದಾಗಿ ಹೇಳಿದ್ದ ಪರೀಕ್ಷೆಯನ್ನು ಹಿಂದಿನ ಸಂಜೆ ಬೆಂಗಳೂರಿಗೆ ಬದಲಾಯಿಸಿ, ಬೆಳಗ್ಗೆ ಎಂಟೂವರೆಗೆ ಬರಬೇಕೆಂದು ಸಂದೇಶ ಕಳುಹಿಸಿತು. ಹಾಸನದಿಂದ ಬೆಂಗಳೂರು ಸುಮಾರು 180 ಕಿ.ಮೀ.; ನಗರದ ಆ ಬದಿಯ ಟೆಕ್ ಪಾರ್ಕ್ ತಲುಪಲು ಮತ್ತೂ ಒಂದೂವರೆ ಗಂಟೆ. ನಾನು ತಯಾರು ಮಾಡಿದ್ದ ನಲವತ್ತೆರಡು ಮಂದಿಯಲ್ಲಿ ರಾತ್ರಿ ಬಸ್ಸು ಹಿಡಿದು ಹೋದವರು ಹತ್ತೊಂಬತ್ತು. ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಹೋಗಲಿಲ್ಲ.

ಕಾನೂನಿನಿಂದ ಇದನ್ನು ಸರಿಪಡಿಸಬಹುದೇ ಎಂಬುದು ಹಳೆಯ ಚರ್ಚೆ. ಕನ್ನಡಿಗರಿಗೆ ಉದ್ಯೋಗ ಕೊಡುವ ಬಗ್ಗೆ 1986ರಲ್ಲಿ ಅಂತಿಮ ವರದಿ ಕೊಟ್ಟ ಸರೋಜಿನಿ ಮಹಿಷಿ ಸಮಿತಿಯ ಹೆಸರು ಇಂದಿಗೂ ಈ ವಿಷಯ ಬಂದಾಗಲೆಲ್ಲ ಕೇಳಿಬರುತ್ತದೆ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ಮಸೂದೆ, ಖಾಸಗಿ ಸಂಸ್ಥೆಗಳ ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ. 50 ಮತ್ತು ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಎಂದಿತು. ಉದ್ಯಮ ವಲಯದ ವಿರೋಧ ಜೋರಾದಾಗ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಅದಕ್ಕೂ ಮೊದಲು, ತಿಂಗಳಿಗೆ 30,000 ರೂಪಾಯಿಯೊಳಗಿನ ಸಂಬಳದ ಖಾಸಗಿ ಕೆಲಸಗಳಲ್ಲಿ ಶೇ. 75ನ್ನು ಸ್ಥಳೀಯರಿಗೆ ಮೀಸಲಿಟ್ಟಿದ್ದ ಹರಿಯಾಣದ ಕಾಯ್ದೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಅಸಾಂವಿಧಾನಿಕವೆಂದು ರದ್ದುಪಡಿಸಿತ್ತು. ನನ್ನ ಸಂದೇಹ ಸಂವಿಧಾನದ್ದಷ್ಟೇ ಅಲ್ಲ, ಕಚೇರಿಯದೂ ಹೌದು. ಶೇಕಡಾವಾರು ಲೆಕ್ಕ ಕೇಳಿದರೆ ನಮ್ಮ ಕಸುಬಿನವರು ಲೆಕ್ಕವನ್ನು ತುಂಬಿ ಕೊಡುತ್ತಾರೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದು, ಒಳ್ಳೆಯ ಶಾಲೆಯಲ್ಲಿ ಓದಿದ ಹುಡುಗನಿಂದ ಆ ಪಾಲು ತುಂಬುತ್ತದೆ. ಆ ಅರಕಲಗೂಡಿನ ಹುಡುಗಿಯ 57 ಅಲ್ಲೇ ಇರುತ್ತದೆ.

ಸ್ಥಳೀಯರು ಸಿಕ್ಕಾಪಟ್ಟೆ ರಜೆ ಹಾಕುತ್ತಾರೆ ಎಂಬ ದೂರನ್ನೂ ಕೇಳಿದ್ದೇನೆ. ಹಾಸನಾಂಬೆಯ ಬಾಗಿಲು ತೆರೆದಾಗ ಎರಡು ದಿನ ಕೇಳುವವನು ಮ್ಯಾನೇಜರನ ಕಣ್ಣಿಗೆ ಬೀಳುತ್ತಾನೆ, ಛಠ್ ಪೂಜೆಗೆಂದು ರೈಲಿನ ಪ್ರಯಾಣವೂ ಸೇರಿ ಹತ್ತು ದಿನ ಹೋದವನ ರಜೆ ಮೊದಲೇ ಮಂಜೂರಾಗಿರುತ್ತದೆ. ಇಬ್ಬರ ಹಬ್ಬವೂ ದೊಡ್ಡದೇ. ಮುಂಚಿತವಾಗಿ ಅರ್ಜಿ ಹಾಕುವ ಅಭ್ಯಾಸ ನಮ್ಮವರಿಗೆ ಕಡಿಮೆ.

ಕನ್ನಡ ಬಲ್ಲವರು ಇರಲೇಬೇಕಾದ ಕೆಲಸಗಳಲ್ಲೂ ಅವರಿಲ್ಲದಿರುವುದು ನನಗೆ ಹೆಚ್ಚು ಅರ್ಥವಾಗದ ಸಂಗತಿ. ಹಳ್ಳಿಯ ಗ್ರಾಹಕರಿಗಾಗಿ ಮಾಡಿದ್ದ ಒಂದು ಸಾಲದ ಆ್ಯಪ್‌ನಲ್ಲಿ ರಸೀದಿ ಮುದ್ರಿಸಿದಾಗ 'ಲಕ್ಷ್ಮೇಗೌಡ' ಎಂಬ ಹೆಸರಿನ ಒತ್ತಕ್ಷರಗಳು ಕಳಚಿ, ಒಂದರ ಮುಂದೊಂದು ಸಾಲಾಗಿ ನಿಂತಿದ್ದವು. ಪರೀಕ್ಷಿಸಿದ ಮೂವರೂ ಚೌಕದ ಡಬ್ಬಿಗಳು ಬಂದಿಲ್ಲ, ಯಾವುದೋ ಅಕ್ಷರಗಳು ಬಂದಿವೆ ಎಂದು ನೋಡಿ 'ಸರಿಯಿದೆ' ಎಂದು ಗುರುತು ಹಾಕಿದ್ದರು. ತಂಡದಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇರಲಿಲ್ಲ, ಏಕೆಂದರೆ ಹುದ್ದೆಯ ವಿವರಣೆಯಲ್ಲಿ ಭಾಷೆಯನ್ನು ಕೇಳಿಯೇ ಇರಲಿಲ್ಲ. ಆ ವಿವರಣೆ ಬರೆದವನು ನಾನೇ. ಗ್ರಾಹಕ ಸೇವೆ, ಪರೀಕ್ಷೆ, ಊರೂರಿಗೆ ಹೋಗಿ ತಂತ್ರಾಂಶ ಅಳವಡಿಸುವ ಕೆಲಸ, ಇಂಥವುಗಳ ವಿವರಣೆಯಲ್ಲಿ 'ಕನ್ನಡ ಓದಲು ಬರೆಯಲು ಬರಬೇಕು' ಎಂಬ ಒಂದು ಸಾಲು ಸೇರಿಸಲು ಯಾವ ಮಸೂದೆಯೂ ಬೇಕಿಲ್ಲ. ಆ ಸಾಲು ಕೆಲಸಕ್ಕೇ ಸಂಬಂಧಿಸಿದ್ದಾದ್ದರಿಂದ ಅದು ಯಾರಿಗೂ ಅನ್ಯಾಯವಲ್ಲ.

ಈಗ ಹಳೆಯ ಸಹೋದ್ಯೋಗಿಗಳು ಫೋನ್ ಮಾಡಿದಾಗ ನಾನು ಎರಡು ಕೋರಿಕೆಗಳನ್ನಷ್ಟೇ ಮುಂದಿಡುತ್ತೇನೆ. ಹೊಸಬರ ಅರ್ಜಿಯಿಂದ ಪಿಯುಸಿ ಅಂಕದ ಷರತ್ತು ತೆಗೆದು ಅದರ ಬದಲು ಒಂದು ಪ್ರೋಗ್ರಾಮಿಂಗ್ ಪರೀಕ್ಷೆ ಇಡಿ, ಮತ್ತು ಆ ಪರೀಕ್ಷೆಯನ್ನು ವಿದ್ಯಾರ್ಥಿಯ ಕಾಲೇಜಿನ ಲ್ಯಾಬಿನಲ್ಲೇ ಬರೆಯಲು ಬಿಡಿ. ಒಬ್ಬರು ಒಪ್ಪಿ ಈ ವರ್ಷ ಹಾಗೆಯೇ ಮಾಡಿದ್ದಾರೆ; ಇನ್ನೊಬ್ಬರು, ನಿಯಮ ತಮ್ಮ ಕೈಯಲ್ಲಿಲ್ಲ ಎಂದರು.

ಆ ಅರಕಲಗೂಡಿನ ಹುಡುಗಿ ಇದುವರೆಗೆ ಹನ್ನೊಂದು ಅರ್ಜಿ ಹಾಕಿದ್ದಾಳೆ. ಏಳು ಪಿಯುಸಿ ಅಂಕ ಕೇಳಿದ ಪುಟದಲ್ಲೇ ನಿಂತಿವೆ. ಉಳಿದ ನಾಲ್ಕರಲ್ಲಿ ಎರಡಕ್ಕೆ ಮುಂದಿನ ವಾರ ಪರೀಕ್ಷೆ: ಒಂದು ಅವಳ ಕಾಲೇಜಿನ ಲ್ಯಾಬಿನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ.